ನೋವಿಲ್ಲದ ಸಾವು

“ನನ್ನ ಮಗಳ ಶವಪರೀಕ್ಷೆ ವರದಿ ತೋರಿಸೋಕೆ ನಿಮಗೇನ್ರೀ ಅಡ್ಡಿ? ನಿಮ್ಮಪ್ಪನ ಮನೆ ಆಸ್ತಿನಾ ಅದು?” ಎಂದು ಆ ತಾಯಿ ಮೇಜು ಗುದ್ದಿದಳು.

ಸರ್ಕಾರಿ ವಕೀಲ ಕಡತವನ್ನು ತನ್ನ ಕಡೆಗೆ ಎಳೆದುಕೊಂಡ. ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷ ಭಯೋತ್ಪಾದಕರ ಕೇಸು ನಡೆಸಿ ಕಲ್ಲೆದೆಯವನೆಂದು ಹೆಸರಾದವನು ಅವನು. ಆದರೆ ಬಾಂಬು ಸಿಡಿದಾಗಲೆಲ್ಲ ಸತ್ತವರ ಮನೆಗೆ ತಾನೇ ಹೋಗಿ ಒಂದೇ ಮಾತು ಹೇಳಿ ಬರುತ್ತಿದ್ದ. ಇಡೀ ವೃತ್ತಿಯಲ್ಲಿ ಅವನು ಆಡಿದ ಸುಳ್ಳು ಅದೊಂದೇ.

“ಓದಬೇಡಿ ತಾಯಿ. ಅವತ್ತೇ ಮನೆಗೆ ಬಂದು ಹೇಳಿದ್ನಲ್ಲ, ಬಾಂಬು ಸಿಡಿದ ಕ್ಷಣಕ್ಕೇ ಜೀವ ಹೋಯ್ತು. ನೋವು ಗೊತ್ತೇ ಆಗಲಿಲ್ಲ.”

“ಆಣೆ ಮಾಡ್ತೀರಾ?”

“ನನ್ನ ಮಕ್ಕಳಾಣೆ.”

ಅವಳು ಅವನನ್ನೇ ದಿಟ್ಟಿಸಿ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಎದ್ದಳು. ಹಾಗೆ ಹೋದವಳು ತೀರ್ಪಿನ ದಿನವೂ ಕೋರ್ಟಿನ ಕಡೆ ಸುಳಿಯಲಿಲ್ಲ. ಬಾಗಿಲಲ್ಲಿ ನಿಂತು ಆಡಿದ್ದೇ ಕೊನೆಯ ಮಾತಾಯಿತು.

“ಬಾಂಬು ಸಿಡಿದ ಮೇಲೆ ಹನ್ನೊಂದು ನಿಮಿಷ ಅವಳು ನನ್ನ ಹತ್ರ ಫೋನಲ್ಲಿ ಮಾತಾಡಿದ್ಲು. ‘ನೋವಿಲ್ಲಮ್ಮ, ಏನೂ ನೋವಿಲ್ಲ’ ಅಂತಲೇ ಇದ್ಲು. ಅದು ನಿಜವಾ ಅಂತ ತಿಳ್ಕೊಳ್ಳೋಕೆ ಬಂದಿದ್ದೆ. ತಿಳೀತು.”