ಕೂದಲೆಳೆ ಹೆಚ್ಚು

ಚಿಟ್ಟೆ ಕೆಟ್ಟರೆ ಗದಗಿನವರೆಲ್ಲ ಸಾವಂತ್ರೆವ್ವನ ರಿಪೇರಿ ಅಂಗಡಿಗೇ ಬರುತ್ತಿದ್ದರು. ಹೂವಿನಿಂದ ಹೂವಿಗೆ ಪರಾಗ ಹೊರಲು ಕಾರ್ಖಾನೆಯ ಚಿಟ್ಟೆಗಳೇ ಗತಿಯಾಗಿ ಐವತ್ತು ವರ್ಷವಾಗಿತ್ತು. ಅವುಗಳ ಎಡ ಬಲ ರೆಕ್ಕೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ.

ಅಂದು ಹೀರೆ ಬೆಳೆಯುವ ಇಮಾಂಬಿ ಊಟದ ಡಬ್ಬಿಯಲ್ಲಿ ಒಂದನ್ನು ತಂದಳು.

“ಯಕ್ಕಾ, ಈ ಪಾತರಗಿತ್ತೀದು ಬಲರೆಕ್ಕಿ ಉದ್ದ ಆಗೇತಿ ನೋಡು. ಓರೆ ಹಾರ್ತೇತಿ. ಚೂರು ಕತ್ತರಿಸಿ ಕೊಡು.”

ಸಾವಂತ್ರೆವ್ವ ಅದನ್ನು ಎಡಗೈಯಲ್ಲಿ ಹಿಡಿದು ಕತ್ತರಿ ಎತ್ತಿಕೊಂಡಳು. ಮೊದಲು ಬಂದ್ ಮಾಡೋಣವೆಂದು ಹೊಟ್ಟೆಯಡಿಯ ಗುಂಡಿಗಾಗಿ ತಡಕಾಡಿದಳು. ಗುಂಡಿಯೇ ಇರಲಿಲ್ಲ. ಬೆರಳಿಗೆ ಮಾತ್ರ ಅರಿಶಿನದಂಥ ಹುಡಿ ಹತ್ತಿತ್ತು. ಖರೇ ಪಾತರಗಿತ್ತಿಯನ್ನು ಮುಟ್ಟಿದರೆ ಕೈಗೆ ಹುಡಿ ಹತ್ತುತ್ತಿತ್ತೆಂದು ಅವಳ ಅಜ್ಜಿ ಹೇಳುತ್ತಿದ್ದಳು.

ಕತ್ತರಿ ಠಣ್ಣನೆ ನೆಲಕ್ಕೆ ಬಿತ್ತು.

“ಇಮಾಂಬಿ! ಇದು ಮಾಡಿದ್ದಲ್ಲ, ಹುಟ್ಟಿದ್ದು!”

ಇಮಾಂಬಿ ಬಗ್ಗಿ ಅದನ್ನೇ ದಿಟ್ಟಿಸಿದಳು.

“ಯಾ ಅಲ್ಲಾ! ನಮ್ಮ ಬಳ್ಳಿ ತುಂಬ ಇಂಥವ ಅದಾವಲ್ಲ ಯಕ್ಕಾ! ಎಲ್ಲಾ ಕೆಟ್ಟಾವಂತ ನಿನ್ನೆಯಿಂದ ಬೈಯಾಕತ್ತೀನಿ!”