ಮೊದಲ ಏಟಿನ ಬೆಲೆ

ಹಾಲಮ್ಮನ ದಂಡನಾಯಕ ಕತ್ತಿ ಎತ್ತುವ ಮೊದಲೇ ಸತ್ತುಬಿದ್ದ. ಅವನ ಗುರುತಿಗೆ ಇಟ್ಟಿದ್ದ ಹಸಿರು ಬಳೆಚೂರನ್ನು ಸಂಘಮಿತ್ರಾ ಮೆಲ್ಲಗೆ ಮಣೆಯಿಂದಾಚೆ ಸರಿಸಿದಳು. ಶಿಕಾರಿಪುರದ ಆ ಪಡಸಾಲೆಯಲ್ಲಿ ರಜೆ ಶುರುವಾದಾಗಿನಿಂದ ಒಂದು ಸಲವೂ ಸೋಲದ ಹಾಲಮ್ಮ, ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಇನ್ನೊಂದಾಟ," ಎಂದಳು.

ಅದೂ ಹಾಗೇ ಮುಗಿಯಿತು.

ಆಟ ಕಟ್ಟಿದವಳು ಮೊಮ್ಮಗಳು ಅಶ್ವಿನಿ. ಶಿವಮೊಗ್ಗದ ಹಾಸ್ಟೆಲಿನಲ್ಲಿ ಯಾರೋ ತಂದಿದ್ದ ಇಂಗ್ಲಿಷ್ ಆಟವೊಂದನ್ನು ನೋಡಿ, ತೊಂಬತ್ತಾರರ ದಸರಾ ರಜೆಯಲ್ಲಿ ಅದನ್ನು ಹಳೆಯ ಬಳ್ಳಿಗಾವಿಯ ವೀರರ ಕಾಳಗವಾಗಿ ತಿದ್ದಿದ್ದಳು. ಒಬ್ಬೊಬ್ಬರಿಗೂ ಇಪ್ಪತ್ತು ಹುಣಸೆ ಬೀಜ. ಅಷ್ಟರಲ್ಲೇ ತಮ್ಮ ವೀರನಿಗೆ ಬೇಕಾದ್ದನ್ನು ಕೊಳ್ಳಬೇಕು. ಉದ್ದನೆಯ ಕತ್ತಿಗೆ ಹತ್ತು, ಕುದುರೆಗೆ ಎಂಟು, ಗುರಾಣಿಗೆ ಐದು. ಪ್ರತಿ ಸುತ್ತಿನಲ್ಲೂ ಎದುರಾಳಿಗಿಂತ ಮುಂಚೆ ಹೊಡೆಯುವ ಹಕ್ಕಿಗೆ 'ಮೊದಲ ಏಟು' ಎಂದು ಹೆಸರು. ಕಾಳಗಕ್ಕೆ ಒಬ್ಬರಿಗಷ್ಟೇ ಸಿಗುವ ಅದಕ್ಕೆ ಒಂದೇ ಬೀಜ. ಕೊಂಡದ್ದಾದ ಮೇಲೆ ಕವಡೆ ಹಾಕಿ ಕಾದಾಟ.

ಅಶ್ವಿನಿಯ ಹಾಸ್ಟೆಲ್ ಗೆಳತಿ ಸಂಘಮಿತ್ರಾ ಸೊರಬದ ಕಡೆಯ ಉಳವಿಯವಳು. ಬೆಳಗಿನ ಬಸ್ಸಿಗೆ ಬಂದಿಳಿದಿದ್ದಳು. ಬೆಲೆಗಳನ್ನು ಕೇಳಿಸಿಕೊಂಡು, "ಮೊದಲ ಏಟಿಗೆ ಒಂದೇ ಬೀಜನಾ?" ಎಂದು ಮತ್ತೊಮ್ಮೆ ವಿಚಾರಿಸಿ, ಎರಡು ಆಟದಲ್ಲೂ ಎಲ್ಲಕ್ಕಿಂತ ಮುಂಚೆ ಅದನ್ನೇ ಕೊಂಡಿದ್ದಳು. ಆ ಮನೆಯಲ್ಲಿ ಅದನ್ನು ಯಾರೂ ಕೊಂಡವರಲ್ಲ. ತಿಂಡಿಯ ತಟ್ಟೆ ಮೊದಲು ಹಿರಿಯರ ಮುಂದೆ ಬರುವ ಮನೆ ಅದು. ಆಟಕ್ಕೆ ಕೂತಾಗಲೂ "ಅಜ್ಜಿ, ನೀನೇ ಮೊದಲು" ಎಂದು ಎಲ್ಲರೂ ಕವಡೆಯನ್ನು ಹಾಲಮ್ಮನ ಕೈಗೇ ಕೊಡುತ್ತಿದ್ದರು. ಆಕೆಯ ಉದ್ದ ಕತ್ತಿಯ ಕೆಳಗೆ ಮೊಮ್ಮಕ್ಕಳ ವೀರರೆಲ್ಲ ಕೈ ಎತ್ತುವ ಮೊದಲೇ ಉರುಳುತ್ತಿದ್ದರು.

"ಅಂದ್ರೆ," ಹಾಲಮ್ಮ ಮೊಮ್ಮಗಳ ಕಡೆ ತಿರುಗಿದಳು, "ಇಷ್ಟು ದಿನ ನಾನು ಗೆದ್ದಿದ್ದು?"

ಅಶ್ವಿನಿ ಕವಡೆ ಒರೆಸುವವಳಂತೆ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಸಂಘಮಿತ್ರಾ.

"ನೀವು ಚೆನ್ನಾಗೇ ಆಡ್ತೀರಿ ಅಜ್ಜಿ. ಆದ್ರೆ ಮೊದಲ ಏಟು ನಿಮಗೆ ಪುಕ್ಕಟೆ ಸಿಗ್ತಿತ್ತು."

"ಉಳವಿಯೋರಿಗೆ ಬಾಯಿ ಬಲು ಚುರುಕೈತೆ."

"ಕೈನೂ ಚುರುಕೇ ಅಲ್ದಾ ಅಜ್ಜಿ, ಎರಡು ಸಲ ಗೆದ್ದೆ."

ಹಾಲಮ್ಮನಿಗೆ ನಗು ಬಂತು, ತೋರಗೊಡಲಿಲ್ಲ.

ಅಶ್ವಿನಿ ನಡುವೆ ಬಂದಳು. "ಹಿರಿಯರಿಗೆ ಮೊದಲ ಏಟು ಬೀಜ ಇಲ್ದೇನೇ ಕೊಡೋದು ಅಂತ ಒಂದು ನಿಯಮ ಮಾಡ್ತೀನಿ ಬಿಡಜ್ಜಿ."

"ಮಾಡು. ಮಾಡಿ ನನ್ನ ಫೋಟೋಕ್ಕೆ ಈಗ್ಲೇ ಒಂದು ಹಾರಾನೂ ಹಾಕು. ಪುಕ್ಕಟೆ ಗೆದ್ದೋಳು ಅನ್ನಿಸ್ಕೊಂಡು ನಾನು ಈ ಮಣೆ ಮುಂದೆ ಕೂರಲ್ಲ."

"ಹಂಗಾದ್ರೆ ಹತ್ತು ಬೀಜ."

"ಹತ್ತಕ್ಕೆ ಯಾರು ತಗೊಳ್ತಾರೆ ಮಾರಾಯ್ತಿ?" ಎಂದಳು ಸಂಘಮಿತ್ರಾ. "ಅದರ ಮೇಲೆ ಕತ್ತಿ ಕೊಂಡ್ರೆ ಗುರಾಣಿಗೆ ಏನೂ ಉಳಿಯಲ್ಲ."

"ಮೂರು?"

"ಮೂರಕ್ಕಾದ್ರೆ ಬಿಡೋರೇ ಇಲ್ಲ."

ಗೆಳತಿಯರ ಚೌಕಾಸಿ ಎಳೆಯುತ್ತಲೇ ಹೋಯಿತು. ಹಾಲಮ್ಮ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಬೀಜದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇಬ್ಬರೂ ಸುಮ್ನಿರ್ರಿ. ನಮ್ಮ ಮನೆ ಪಾಲಾದಾಗ ಪಾಲು ಮಾಡಿದ್ದು ನಿಮ್ಮಜ್ಜ, ಹಿರಿಯ ಅಂತ. ಮೊದಲು ಆರಿಸಿಕೊಂಡಿದ್ದು ಅವರ ತಮ್ಮ ಶೇಷಪ್ಪ. ಇದ್ದಿದ್ದು ಒಂದೇ ಬಾವಿ. ಬಾವಿ ಇರೋ ಪಾಲಿಗೆ ಎಷ್ಟು ಹೊಲ ಕಮ್ಮಿ ಮಾಡ್ಬೇಕು ಅಂತ ನಿಮ್ಮಜ್ಜ ಹಗ್ಗ ಹಿಡ್ಕೊಂಡು ಸುತ್ತಿದ್ದೇ ಸುತ್ತಿದ್ದು. ಸ್ವಲ್ಪ ಕಮ್ಮಿ ಮಾಡಿದ್ರೆ ತಮ್ಮ ಬಾವಿ ತಗೊಂತಾನೆ. ಜಾಸ್ತಿ ಕಮ್ಮಿ ಮಾಡಿದ್ರೆ ಬಾವಿ ಬಿಟ್ಟು ಹೊಲ ತಗೊಂತಾನೆ. ಹೆಂಗೆ ತಪ್ಪಿದ್ರೂ ಪೆಟ್ಟು ಪಾಲು ಮಾಡಿದೋನಿಗೇ." ಆಕೆ ಸಂಘಮಿತ್ರಾಳನ್ನು ನೋಡಿದಳು. "ಇಲ್ಲಿ ಹಿರಿಯಳು ನಾನು. ಬೆಲೆ ನಾನು ಕಟ್ತೀನಿ. ತಗೊಳ್ಳೋದು, ಬಿಡೋದು ನಿನಗೆ. ನೀನು ಬಿಟ್ರೆ ಅದೇ ಬೆಲೆ ಕೊಟ್ಟು ನಾನು ತಗೊಳ್ಳಲೇಬೇಕು. ಆಯ್ತೇನವ್ವಾ?"

"ಆಯ್ತು ಅಜ್ಜಿ," ಎಂದ ಸಂಘಮಿತ್ರಾಳ ಮುಖದಲ್ಲಿ ಈಗ ನಗು ಇರಲಿಲ್ಲ.

ಹಾಲಮ್ಮ ಮಣೆಯ ಮೇಲೆ ಬೀಜಗಳನ್ನು ಒಂದೊಂದಾಗಿ ಇಡತೊಡಗಿದಳು. ನಾಲ್ಕಾಯಿತು, ಐದಾಯಿತು. ಆರನೆಯದನ್ನು ಇಟ್ಟಳು, ಎತ್ತಿಕೊಂಡಳು, ಅಂಗೈಯಲ್ಲಿ ಉರುಳಿಸಿದಳು. ಮತ್ತೆ ಅಲ್ಲೇ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು.

"ಹ್ಞೂಂ, ಆರು. ಹೇಳು ಈಗ."

ಸಂಘಮಿತ್ರಾ ಕೈ ಮುಂದೆ ಚಾಚಿದಳು. ಅರ್ಧ ದಾರಿಯಲ್ಲಿ ನಿಲ್ಲಿಸಿದಳು. ಉಳಿದ ಹದಿನಾಲ್ಕು ಬೀಜದಲ್ಲಿ ಕತ್ತಿ ಕೊಂಡರೆ ಗುರಾಣಿಗೆ ಒಂದು ಬೀಜ ಕಮ್ಮಿ ಬೀಳುತ್ತದೆ. ಗುರಾಣಿ ಕೊಂಡು ಕುದುರೆ ಹತ್ತಿಸಿದರೆ ಕತ್ತಿ ಇಲ್ಲ. ಬಿಟ್ಟರೆ ಮೊದಲ ಏಟು ಆ ಕಡೆಗೆ ಹೋಗುತ್ತದೆ. ಕೈ ಹಿಂದಕ್ಕೆ ಬಂತು, ಪುನಃ ಮುಂದಕ್ಕೆ ಹೋಯಿತು.

"ಬೇಗ ಹೇಳೇ," ಎಂದಳು ಅಶ್ವಿನಿ.

"ಅವಸರ ಮಾಡಬ್ಯಾಡ. ಅವಳು ತಟ್ಟನೆ ತಗೊಂಡಿದ್ರೂ, ತಟ್ಟನೆ ಬಿಟ್ಟಿದ್ರೂ ನಾನು ಸೋತಂಗೇ," ಎಂದಳು ಹಾಲಮ್ಮ.

ಆ ಕೈ ಬೀಜಗಳ ಮೇಲೆ ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಷ್ಟು ಹೊತ್ತೂ, ಗೋಡೆಗೆ ಒರಗಿದ್ದ ಹಾಲಮ್ಮನ ಬೆನ್ನು ತಾನಾಗಿ ನೆಟ್ಟಗಾಗುತ್ತಾ ಬಂತು.