ದ್ಯಾಮವ್ವ ರಿಪೇರಿಗೆ ತಂದ ಪುಸ್ತಕ

ಧಾರವಾಡದ ಕಡೆ ಒಂದು ಚಿತ್ರಕಲಾ ಕಾಲೇಜು. ಅಲ್ಲಿನ ಲೈಬ್ರರಿಯನ್ ಶಶಿಕಲಾ ಮೇಡಂ...

ಮೂವತ್ತು ವರ್ಷದ ಸರ್ವಿಸ್. ಶಿಸ್ತು ಅಂದರೆ ಶಿಸ್ತು! ನೊಣ ಕೂಡ ಐಡಿ ಕಾರ್ಡ್ ತೋರಿಸಿಯೇ ಒಳಗೆ ಬರಬೇಕು ಎಂದು ಹುಡುಗರು ನಗುತ್ತಿದ್ದರು.

ಆದರೆ ಈಚೆಗೆ ಮೇಡಂಗೆ ಒಂದು ಕೊರಗು ಹತ್ತಿತ್ತು. ಹುಡುಗರೆಲ್ಲ ಮೊಬೈಲ್‌ನಲ್ಲೇ ಚಿತ್ರ ನೋಡುತ್ತಾರೆ... ಕಪಾಟು ತುಂಬ ಒಳ್ಳೊಳ್ಳೆಯ ಪುಸ್ತಕ, ತೆರೆಯುವ ಕೈಯೇ ಇಲ್ಲ.

ಇಷ್ಟು ವರ್ಷ ಬೀಗ ಹಾಕಿ ಕಾದು ಏನು ಬಂತು ಭಾಗ್ಯ?

ರಿಟೈರ್ ಆಗುವುದರೊಳಗೆ ಊರಿನ ಜನರಿಗೂ ಈ ಬಾಗಿಲು ತೆರೆಯಬೇಕು ಎಂದು ಹಟ ಹಿಡಿದರು. ಪ್ರಿನ್ಸಿಪಾಲರು ಹೂಂ ಅನ್ನಲು ಆರು ತಿಂಗಳು ಬೇಕಾಯಿತು. ಅದೂ ಷರತ್ತಿನ ಮೇಲೆ.

"ನೋಡ್ರಿ ಮೇಡಂ, ಒಂದ ಶನಿವಾರ ವರ್ಕ್‌ಶಾಪ್ ನಡಸ್ರಿ. ಹೊರಗಿನ ಮಂದಿ ಕೈಯಾಗ ನಮ್ಮ ಒಂದ ಪುಸ್ತಕ ಸಿಕ್ಕಿತಂದ್ರೂ ಅವತ್ತಿಗೇ ಬಾಗಲಾ ಬಂದ್. ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಗೇಟಿನಲ್ಲಿ ಬೋರ್ಡ್ ಬಿತ್ತು... 'ಹರಿದ ಪುಸ್ತಕ ತನ್ನಿ. ಹೊಲಿಯುವುದನ್ನು ಕಲಿಸುತ್ತೇವೆ. ಯಾರು ಬೇಕಾದರೂ ಬರಬಹುದು.'

ಶನಿವಾರ ಹನ್ನೆರಡು ಜನ ಬಂದರು. ಒಬ್ಬರ ಕೈಯಲ್ಲಿ ಅಡುಗೆ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ಅಜ್ಜನ ಕಾಲದ ಪಂಚಾಂಗ. ಮೇಡಂ ಮೈದಾ ಅಂಟು ಕಲಸಿ, ಎಲ್ಲರಿಗೂ ಸೂಜಿ ದಾರ ಕೊಟ್ಟು, ಚಾಪೆಯ ಮೇಲೆ ಕೂರಿಸಿದರು.

ಎಲ್ಲರ ಹಿಂದೆ ಒಬ್ಬ ಅಜ್ಜಿ... ಹೆಸರು ದ್ಯಾಮವ್ವ. ಚಿಂದಿ ಬಟ್ಟೆ ಜೋಡಿಸಿ ಕೌದಿ ಹೊಲಿದು ಬದುಕುವವರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದರು.

"ಅಕ್ಕಾರ, ಇದು ನೆಟ್ಟಗ ಆಗ್ತದೇನ್ರಿ? ಎಷ್ಟ ಹೊತ್ತಾದ್ರೂ ಕುಂದರ್ತೀನಿ."

ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ. ಒಳಗೆಲ್ಲ ಆನೆ, ಕುದುರೆ, ಜಿಂಕೆ... ಎಲುಬು ಎಲ್ಲಿ, ಸ್ನಾಯು ಎಲ್ಲಿ, ಓಡುವಾಗ ಕಾಲು ಹೇಗೆ ಮಡಚುತ್ತದೆ ಎಂದು ಬಿಡಿಸಿ ತೋರಿಸಿದ ಚಿತ್ರಗಳು.

ಹಾಳೆ ಜೋಡಿಸುತ್ತ ಮೇಡಂ ಐವತ್ತೊಂದನೇ ಪುಟಕ್ಕೆ ಬಂದರು. ಹಾಳೆ ತಿರುವುವುದನ್ನು ಬಿಟ್ಟು ಬಗ್ಗಿ ನೋಡಿದರು!

ಲೈಬ್ರರಿಯವರದ್ದೊಂದು ಪದ್ಧತಿ ಇದೆ. ಮೊದಲ ಹಾಳೆ ಕಿತ್ತು ಹಾಕಿದರೂ ಪುಸ್ತಕ ಯಾರದೆಂದು ತಿಳಿಯಲಿ ಎಂದು, ತಮಗಷ್ಟೇ ಗೊತ್ತಿರುವ ಒಂದು ಒಳಪುಟದಲ್ಲೂ ಸೀಲ್ ಒತ್ತುತ್ತಾರೆ. ಈ ಲೈಬ್ರರಿಯಲ್ಲಿ ಅದು ಐವತ್ತೊಂದನೇ ಪುಟ.

ಅಲ್ಲಿ ತಮ್ಮದೇ ಕಾಲೇಜಿನ ನೇರಳೆ ಸೀಲು...

ವರ್ಕ್‌ಶಾಪ್ ನೋಡಲು ಬಂದಿದ್ದ ಪ್ರಿನ್ಸಿಪಾಲರು ಬೆನ್ನ ಹಿಂದೆಯೇ ನಿಂತಿದ್ದರು. ಮೇಡಂ ಗಕ್ಕನೆ ಅಂಗೈ ಊರಿ ಸೀಲ್ ಮುಚ್ಚಿದರು. ಹೇಳಿದರೆ ಈ ಮುದುಕಿಗೆ ಅವಮಾನ, ಬಾಗಿಲು ಬಂದ್. ಹೇಳದಿದ್ದರೆ ಮೂವತ್ತು ವರ್ಷದ ನಿಯತ್ತಿಗೇ ಮೋಸ.

"ಏನ ಮೇಡಂ, ಏನ ಮುಚ್ಚಾಕತ್ತೀರಿ?"

ಮೇಡಂ ಬಾಯಿ ಬಿಡುವ ಮೊದಲೇ ದ್ಯಾಮವ್ವ ಎದ್ದು ನಿಂತರು.

"ಅವ್ರನ್ಯಾಕ ಕೇಳ್ತೀರಿ ಸಾಹೇಬ್ರ... ಅದು ನಿಮ್ಮದ ಪುಸ್ತಕರಿ. ನಮ್ಮನಿಯವ್ರು ಕದ್ದದ್ದು."

ಎಲ್ಲರ ಸೂಜಿಯೂ ನಿಂತಿತು.

"ಮದುವಿ ಮನಿ ಗ್ವಾಡಿಗೆ ಆನಿ ಕುದುರಿ ಬರೀತಿದ್ರು ಅವ್ರು. ನಿಂತ ಕುದುರಿ ಬರ್ತಿತ್ತು, ಓಡೂ ಕುದುರಿ ಮಾತ್ರ ಬರ್ತಿರಲಿಲ್ಲ. ಈ ದೊಡ್ಡ ಸಾಲ್ಯಾಗ ಪುಸ್ತಕ ಐತಂತ ಮೂರು ಸಲಾ ಬಂದ್ರು... ಕಾರ್ಡ್ ಇಲ್ಲಂತ ಮೂರೂ ಸಲಾ ಹೊರಗ ಕಳಿಸಿದ್ರು. ಆಮ್ಯಾಲ ಇಲ್ಲೇ ಸುಣ್ಣ ಹಚ್ಚೂ ಕೆಲಸಕ್ಕ ಬಂದಾಗ, ಗೋಣಿಚೀಲದಾಗ ಹಾಕ್ಕೊಂಡು ಬಂದುಬಿಟ್ರು."

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ಓಣಿ ತುಂಬ ಕುದುರಿ ಓಡಿದುವ್ರಿ. ಮಂದಿ ಭೇಷ್ ಅಂದ್ರು. ಆದ್ರ ಅವ್ರು ಮತ್ತ ಈ ರಸ್ತೇಕ ಕಾಲಿಡಲಿಲ್ಲ. ಸಾಯೂ ಮುಂದ ನನ್ನ ಕೈ ಹಿಡದು, ಅದನ್ನ ಮುಟ್ಟಿಸಿ ಬಾ ಅಂದ್ರು. ಹರದದ್ದನ್ನ ಹ್ಯಾಂಗ ಕೊಡ್ಲಿ ಹೇಳ್ರಿ? ಹೊಲಿಯೂದ ಕಲಿಸ್ತಾರಂತ ಯಾರೋ ಅಂದ್ರು... ನೆಟ್ಟಗ ಮಾಡಿ ಕೊಟ್ಟು ಹೋಗೂಣಂತ ಬಂದೆ."

ಪ್ರಿನ್ಸಿಪಾಲರ ಮುಖ ಬಿಗಿಯಿತು. "ನಾ ಹೇಳಿದ್ದಿಲ್ಲೇನ್ರಿ ಮೇಡಂ? ಹೊರಗಿನ ಮಂದೀನ..."

"ಸರ್..." ಮೇಡಂ ಸೀಲಿನ ಮೇಲಿಂದ ಕೈ ತೆಗೆದರು. "ಕದ್ದವ್ರು ಯಾರಂತ ಗೊತ್ತಾತು. ಮೂರು ಸಲಾ ಹೊರಗ ಕಳಿಸಿದಾಕಿ ಯಾರಂತನೂ ಕೇಳ್ರಿ. ಆ ಕುರ್ಚ್ಯಾಗ ಕುಂತಿದ್ದಾಕಿ ನಾನ."

ಮೇಡಂ ಆ ಮನುಷ್ಯನ ಮುಖ ನೆನಪಿಸಿಕೊಳ್ಳಲು ನೋಡಿದರು. ಬರಲಿಲ್ಲ. ಹಾಗೆ ಎಷ್ಟು ಜನರನ್ನು ಕಳಿಸಿದ್ದರೋ, ಒಂದು ಮುಖವೂ ನೆನಪಿರಲಿಲ್ಲ. ಅದಕ್ಕೇ ಅವರ ಕಣ್ಣು ತುಂಬಿತು.

ಪ್ರಿನ್ಸಿಪಾಲರು ಪುಸ್ತಕ ಎತ್ತಿಕೊಂಡರು. ಓಡುವ ಕುದುರೆಯ ಪುಟದಲ್ಲಿ ಬೆರಳಿನ ಗುರುತುಗಳೇ ಗುರುತು... ಹಾಳೆ ಸವೆದು ತೆಳ್ಳಗಾಗಿತ್ತು. ಅವರೂ ಚಿತ್ರ ಬರೆಯುವವರೇ ಅಲ್ಲವೇ? ಬಹಳ ಹೊತ್ತು ನೋಡಿದರು.

"ಮುಂದಿನ ಶನಿವಾರಕ್ಕ ಈ ಚಾಪಿ ಸಾಲೂದಿಲ್ಲ ಮೇಡಂ. ಇನ್ನೆರಡು ತರಸ್ರಿ," ಎಂದು ಹೇಳಿ ಹೊರಟುಹೋದರು.

ದ್ಯಾಮವ್ವ ಮೂರು ಗಂಟೆಯವರೆಗೂ ಕೂತು ಹೊಲಿದರು. ಕೌದಿ ಹೊಲಿದ ಕೈ... ಕಲಿಸಿದ ಮೇಡಂಗಿಂತ ಗಟ್ಟಿಯಾಗಿ ಹೊಲಿದಿದ್ದರು! ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಎರಡೂ ಕೈಯಿಂದ ಕೊಟ್ಟರು.

"ಇನ್ನ ಅವ್ರ ಮ್ಯಾಲ ಏನೂ ಇಲ್ಲಲ್ರಿ, ಅಕ್ಕಾರ?"

"ಏನೂ ಇಲ್ಲ ಯವ್ವಾ."

ಮೇಡಂ ಒಂದು ಹೊಸ ಕಾರ್ಡ್ ತೆಗೆದು ದ್ಯಾಮವ್ವನ ಹೆಸರು ಬರೆದರು. ಅದೇ ಪುಸ್ತಕಕ್ಕೆ ತಾರೀಖು ಹಾಕಿ, ಅಜ್ಜಿಯ ಕೈಗೇ ತಿರುಗಿ ಇಟ್ಟರು.

ಅಜ್ಜಿ ಗಾಬರಿಯಾದರು. "ನನಗ ಓದಾಕ ಬರೂದಿಲ್ರಿ..."

"ಅವ್ರಿಗೂ ಕುದುರಿ ಅಷ್ಟ ಬೇಕಾಗಿತ್ತಲ್ಲ ಯವ್ವಾ... ಹದಿನೈದು ದಿನಾ ಇಟ್ಕೋರಿ. ಎಲ್ಲಾರ ಮುಂದ, ಕೈಯಾಗ ಹಿಡಕೊಂಡ ಹೋಗ್ರಿ."

ದ್ಯಾಮವ್ವ ಸೀರೆಯ ತುಂಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಪುಸ್ತಕವನ್ನು ಏನೂ ಸುತ್ತದೆ ಹಿಡಿದು, ಅಳುತ್ತಲೇ ಗೇಟು ದಾಟಿದರು.

✦

ಬಾಗಿಲು ತಟ್ಟಿದವರನ್ನು ವಾಪಸ್ ಕಳಿಸಿದ ತಪ್ಪಿಗೆ ಯಾವ ಸೀಲೂ ಇಲ್ಲ, ಅದಕ್ಕೇ ಅದು ನಮಗೆ ಕಾಣುವುದಿಲ್ಲ.

ನಾವು ಕೂತ ಕುರ್ಚಿಯಿಂದ ಯಾರ್‍ಯಾರನ್ನು ಹೀಗೆ ಮರಳಿ ಕಳಿಸಿದ್ದೇವೆ... ಒಂದು ಮುಖವಾದರೂ ನೆನಪಿದೆಯೇ?